ಮೊನ್ನೆ ಏನಿತ್ತು ಅಂತ ಹೇಳುವ ಡಿಸ್ಕ್



ಕಕ್ಕಿಂಜೆಯಲ್ಲಿ ಕೂತು ಕಂಪ್ಯೂಟರ್ ಡಿಸ್ಕಿನ ಬಗ್ಗೆ ಬರೀತಾನಲ್ಲ ಅಂತ ನಗಬೇಡಿ. ಇದು ಡಿ.ಸಿ. ಮನ್ನಾ ಭೂಮಿಯ ವಿಷಯವೇ.

ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂತ ಈಗಲೂ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಅಲ್ಲ ಮಾರಾಯ್ರೆ, ಡಿಪ್ರೆಸ್ಡ್ ಕ್ಲಾಸ್. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆಂದು ಕಾದಿರಿಸಿದ ಜಾಗ. ಕೇಳಲು ಹೋದರೆ ಮೊದಲ ಪ್ರಶ್ನೆ, "ದಾಖಲೆ ಉಂಟಾ?" ಆರ್‌ಟಿಸಿ ತೆಗೆದರೆ 9ನೇ ಕಾಲಂನಲ್ಲಿ ಇವತ್ತಿನ ಹೆಸರು ಕಾಣ್ತದೆ. ನಮಗೆ ಬೇಕಾದ್ದು ಮೊನ್ನೆಯದ್ದು. ಅದಕ್ಕೆ ಹಳೆ ಅಡಂಗಲ್, ಮ್ಯುಟೇಶನ್ ರಿಜಿಸ್ಟರ್ ಹುಡುಕಬೇಕು. ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಅಂತ ಬದಲಾವಣೆಯನ್ನು ಮಾತ್ರ ಬರೆದಿಡುವ ಪುಸ್ತಕ ಅದು.

ಹೀಗೆ ಆರ್‌ಟಿಐ ಹಾಕಿ ಪಡೆದ ಪ್ರತಿಗಳು, ಅರ್ಜಿಗಳು, ಹಿಂಬರಹಗಳು ಎಲ್ಲ ಸ್ಕ್ಯಾನ್ ಆಗಿ ನನ್ನ ಲ್ಯಾಪ್‌ಟಾಪಿನಲ್ಲಿವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆ ಗುಡ್ಡ ಜರಿದು ಹೊಳೆ ಉಕ್ಕಿದ್ದನ್ನು ಕಂಡವರಿಗೆ ಕಾಗದವನ್ನು ನಂಬುವ ಧೈರ್ಯ ಎಲ್ಲಿಂದ ಬರಬೇಕು?

ಸ್ನೇಹಿತರ ಮಗ ಲಿನಕ್ಸ್ ಹಾಕಿಕೊಟ್ಟ. "ಮಾಮ, ಸ್ನ್ಯಾಪ್‌ಶಾಟ್ ಅಂದ್ರೆ ಪೂರ್ತಿ ನಕಲು ಅಲ್ಲ" ಅಂದ. ತೆಗೆದ ಕ್ಷಣಕ್ಕೆ ಡಿಸ್ಕ್ ಹೇಗಿತ್ತೋ ಹಾಗೇ ಗುರುತು ಹಾಕಿ ಇಡ್ತದೆ. ಆಮೇಲೆ ಫೈಲ್ ತಿದ್ದಿದರೆ ಹಳೆಯದರ ಮೇಲೆ ಬರೆಯುವುದಿಲ್ಲ, ಹೊಸದನ್ನು ಬೇರೆ ಕಡೆ ಬರೀತದೆ. ಹಾಗಾಗಿ ತೆಗೆಯಲು ಒಂದು ನಿಮಿಷವೂ ಬೇಡ, ತೆಗೆದಾಗ ಜಾಗವೂ ಹೆಚ್ಚು ಹಿಡಿಯುವುದಿಲ್ಲ. ಪ್ರತಿ ಭಾನುವಾರ ಹೊರಗಿನ ಡಿಸ್ಕ್ ಜೋಡಿಸ್ತೇನೆ. ಹೋದ ವಾರದ ಸ್ನ್ಯಾಪ್‌ಶಾಟಿಗೂ ಈ ವಾರದ್ದಕ್ಕೂ ಇರುವ ವ್ಯತ್ಯಾಸ ಮಾತ್ರ ಆಚೆ ಹೋಗ್ತದೆ. ಚಾ ಕುಡಿಯುವುದರೊಳಗೆ ಮುಗೀತದೆ. ಆದರೆ ಹೋದ ವಾರದ್ದು ಎರಡೂ ಡಿಸ್ಕಿನಲ್ಲಿ ಉಳಿದಿರಬೇಕು. ಹೋಲಿಸಲು ಅದಿಲ್ಲದಿದ್ದರೆ ಮತ್ತೆ ಮೊದಲಿಂದ ಎಲ್ಲವನ್ನೂ ಕಳಿಸಬೇಕು.

ಸ್ನ್ಯಾಪ್‌ಶಾಟ್ ಉಂಟಲ್ಲ ಅಂತ ಸುಮ್ಮನೆ ಕೂರುವಂತಿಲ್ಲ. ಅದು ಅದೇ ಡಿಸ್ಕಿನ ಹೊಟ್ಟೆಯಲ್ಲಿರುವುದು. ನಮ್ಮೂರ ಸಿಡಿಲಿಗೆ ಡಿಸ್ಕ್ ಸುಟ್ಟರೆ ಎರಡೂ ಹೋಯ್ತು. ಅದಕ್ಕೇ ಹೊರಗಿನ ಡಿಸ್ಕ್ ವಾರವಿಡೀ ಬೆಳ್ತಂಗಡಿಯಲ್ಲಿ ಗೆಳೆಯರ ಮನೆಯಲ್ಲಿರ್ತದೆ.

ಕಳೆದ ವರ್ಷ ಒಬ್ಬ ಅಜ್ಜಿ ಅರ್ಜಿಯೇ ಕೊಟ್ಟಿಲ್ಲ ಅಂತ ಒಂದು ಕಚೇರಿಯಲ್ಲಿ ಸಾಧಿಸಿದರು. ಅವರ ಸ್ವೀಕೃತಿಯ ಸ್ಕ್ಯಾನ್ ಹುಡುಕಿದರೆ, ಆ ಹೆಸರಿನ ಫೈಲಿನಲ್ಲಿ ಬೇರೆಯವರ ಕಾಗದ! ನಮ್ಮ ಹುಡುಗರು ಯಾರೋ ಅದೇ ಹೆಸರಲ್ಲಿ ಸೇವ್ ಮಾಡಿದ್ದರು. ಆರು ತಿಂಗಳ ಹಿಂದಿನ ಸ್ನ್ಯಾಪ್‌ಶಾಟ್ ತೆರೆದೆ. ಸೀಲು, ತಾರೀಕು, ಅಜ್ಜಿಯ ಹೆಬ್ಬೆಟ್ಟು, ಎಲ್ಲ ಇತ್ತು. ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟೆವು. ಹೆಸರು ಪಟ್ಟಿಗೆ ಬಂತು. ಜಾಗ ಇನ್ನೂ ಬಂದಿಲ್ಲ.

ಯಾರ ಮನೆಯ ಪೆಟ್ಟಿಗೆಯಲ್ಲಿ ಹಳೆ ಅಡಂಗಲ್, ಹಕ್ಕುಪತ್ರ ಉಂಟೋ ಮಳೆಗಾಲಕ್ಕೆ ಮೊದಲು ತಿಳಿಸಿ. ಸ್ಕ್ಯಾನರ್ ಹಿಡ್ಕೊಂಡು ನಾನೇ ಬರ್ತೇನೆ. ಮೂಲ ಕಾಗದ ಮಾತ್ರ ಯಾರ ಕೈಗೂ ಕೊಡಬೇಡಿ, ನನ್ನ ಕೈಗೂ.