ಗಾಜಿನ ಭರಣಿ, ಬಟ್ಟೆಯ ಚೀಲ

ಮನೆಯ ಕಸ ಕಡಿಮೆ ಮಾಡಬೇಕೆಂದು ಹೊರಟ ನಾನು ಮೊದಲು ಮಾಡಿದ ಕೆಲಸ ಹೊಸ ಸಾಮಾನು ಕೊಂಡಿದ್ದು. ಸಣ್ಣವು, ದೊಡ್ಡವು ಎಂದು ಸಾಲು ಗಾಜಿನ ಭರಣಿಗಳು, ಅವಕ್ಕೆ ಮರದ ಮುಚ್ಚಳ. 2014ರಲ್ಲಿ ಬರ್ಲಿನ್ನಿನಲ್ಲಿ ಪ್ಯಾಕೆಟ್ಟೇ ಇಲ್ಲದ ದಿನಸಿ ಅಂಗಡಿಯೊಂದು ತೆರೆದ ಸುದ್ದಿ ಓದಿದಾಗಿನಿಂದ ಅಂಥದ್ದು ಬೀದರಿಗೂ ಬರಬೇಕೆಂಬ ಆಸೆ ನನ್ನದು. ಬರಲಿಲ್ಲ. ಹೈದರಾಬಾದಿಗೆ ಹೋದಾಗಲೆಲ್ಲ ರೀಫಿಲ್ ಅಂಗಡಿ ಹುಡುಕಿ, ಭರಣಿ ತುಂಬಿಸಿಕೊಂಡು ಬರತೊಡಗಿದೆ. ತೊಗರಿ ಬೆಳೆಯುವ ಜಿಲ್ಲೆಗೆ ಸುಮಾರು 140 ಕಿಲೋಮೀಟರ್ ದೂರದಿಂದ ತೊಗರಿಬೇಳೆ ಹೊತ್ತು ತರುತ್ತಿದ್ದೇನೆ ಎಂಬುದು ಆಗ ನನ್ನ ತಲೆಗೇ ಬರಲಿಲ್ಲ.

ಪದೇ ಪದೇ ಹೋಗುವುದು ಆಗದ ಮಾತು, ಆದ್ದರಿಂದ ಒಮ್ಮೆಗೇ ಹೆಚ್ಚು ತಂದಿಟ್ಟೆ. ಮಳೆಗಾಲ ಬಂತು. ಶ್ರಾವಣದ ಹೊತ್ತಿಗೆ ಬೇಳೆಯಲ್ಲಿ ಹುಳ, ರವೆಯಲ್ಲಿ ಜಾಳಿಗೆ. ಕಿಲೋಗಟ್ಟಲೆ ಬೇಳೆಯನ್ನು ಕಸಕ್ಕೆ ಸುರಿದೆ. ಒಂದು ಕಿಲೋ ಬೇಳೆಯ ಪ್ಲಾಸ್ಟಿಕ್ ಪಾಕೀಟು ತೂಗುವುದು ಕೆಲವೇ ಗ್ರಾಂ. ಅದನ್ನು ಉಳಿಸಲು ಹೋಗಿ, ಒಬ್ಬ ರೈತ ಆರು ತಿಂಗಳು ಹೊಲದಲ್ಲಿ ನಿಂತು ಬೆಳೆದದ್ದನ್ನು ಎಸೆದಿದ್ದೆ. ಆ ದಿನದ ನೋವು ಇನ್ನೂ ಹೋಗಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪಾತ್ರೆ ತೊಳೆಯುವ ದ್ರವ, ಫಿನೈಲ್ ಇವನ್ನು ಕ್ಯಾನಿನಿಂದ ಅಳೆದು ಕೊಡುವ ಸಣ್ಣ ಅಂಗಡಿಗಳು ನಮ್ಮಲ್ಲೂ ಇವೆ. ಬಹಳ ಖುಷಿಯಿಂದ ಮನೆಯಲ್ಲಿದ್ದ ನೀರಿನ ಬಾಟಲಿಗಳಲ್ಲೇ ತುಂಬಿಸಿ ತಂದೆ. ಯಾವುದರ ಮೇಲೂ ಏನೂ ಬರೆಯಲಿಲ್ಲ. ಒಂದು ಮಧ್ಯಾಹ್ನ ಕಣ್ಣು ಮಂಜಾದ ನಮ್ಮ ಅತ್ತೆಯವರು ಫಿನೈಲ್ ಬಾಟಲಿಯ ಮುಚ್ಚಳ ತೆಗೆದು ಬಾಯಿಯ ಹತ್ತಿರ ಒಯ್ದಿದ್ದರು. ವಾಸನೆ ಬಂದದ್ದರಿಂದ ಉಳಿದರು. ಪ್ಯಾಕೆಟ್ಟು ಎಂದರೆ ಬರೀ ಕಸ ಎಂದು ತಿಳಿದಿದ್ದವಳು ನಾನು. ಅದರ ಮೇಲಿನ ಹೆಸರು, ತಾರೀಖು, ಎಚ್ಚರಿಕೆಯ ಗುರುತು ಕೂಡ ಒಂದು ಕಾವಲು. ಪ್ಯಾಕೆಟ್ಟು ಬಿಟ್ಟವರು ಆ ಕಾವಲನ್ನು ತಾವೇ ಕಾಯಬೇಕು. ಈಗ ಅಂಥ ದ್ರವಕ್ಕೆ ಬೇರೆಯದೇ ಆಕಾರದ ಕ್ಯಾನು, ದಪ್ಪ ಅಕ್ಷರದ ಚೀಟಿ, ಅಡುಗೆಮನೆಯ ಹೊರಗೆ ಜಾಗ. ಕುಡಿಯುವ ನೀರಿನ ಬಾಟಲಿಗೆ ಬೇರೇನನ್ನೂ ತುಂಬುವುದಿಲ್ಲ.

ಎಣ್ಣೆಯ ಪಾಠವೂ ಇಂಥದ್ದೇ. ಎಣ್ಣೆಯನ್ನು ಖುಲ್ಲಾ ಕೊಡಿ ಎಂದು ಅಂಗಡಿಯವರ ಜೊತೆ ವಾದಕ್ಕಿಳಿಯುತ್ತಿದ್ದೆ. 1998ರಲ್ಲಿ ದಿಲ್ಲಿಯಲ್ಲಿ ಅರ್ಜಿಮೋನ್ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಬಂತು, ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲೂ ಅದು ಉಳಿಯಿತು. ಇದನ್ನು ತಿಳಿದ ಮೇಲೆ ವಾದ ನಿಲ್ಲಿಸಿದೆ. ಸಣ್ಣ ಪಾಕೀಟುಗಳ ಬದಲು 15 ಲೀಟರಿನ ಡಬ್ಬ ತಂದು ತಂಗಿಯ ಮನೆಯವರೊಂದಿಗೆ ಹಂಚಿಕೊಳ್ಳುತ್ತೇನೆ. ಖಾಲಿ ತಗಡಿನ ಡಬ್ಬಕ್ಕೆ ಗುಜರಿಯವನು ದುಡ್ಡು ಕೊಡುತ್ತಾನೆ.

ತಂಗಿ ಇರುವುದು ಭಾಲ್ಕಿಯಲ್ಲಿ. ಅಲ್ಲಿನ ಒಂದು ಕಿರಾಣಿ ಅಂಗಡಿಗೆ ಸಂತೆಯ ದಿನವೇ ನನ್ನ ಭರಣಿಗಳನ್ನೆಲ್ಲ ಹೊತ್ತುಕೊಂಡು ಹೋಗಿ ಗಲ್ಲೆಯ ಮುಂದೆ ಸಾಲಾಗಿ ಇಟ್ಟೆ. ಹಿಂದೆ ಹಳ್ಳಿಗಳಿಂದ ಬಂದವರು ಬಸ್ಸಿನ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದರು.

‘ಅಕ್ಕಾ, ಗಿರಾಕಿ ನಿಂತಾರ. ನಿಮ್ಮ ಭರಣಿ ಒಂದೊಂದು ಒಂದೊಂದು ನಮೂನಿ ಅವ. ಎಲ್ಲಾದರ ವಜನ ತಗದು ತೂಗಾಕ ಆಗಂಗಿಲ್ರಿ. ಚೀಲ ತರ್ರಿ, ಬೇಕಾದಷ್ಟು ತುಂಬಿ ಕೊಡ್ತೀನಿ.’

ಪರಿಸರದ ಕಾಳಜಿಯೇ ಇಲ್ಲದ ಮನುಷ್ಯ ಎಂದುಕೊಂಡು ಸಿಟ್ಟಿನಲ್ಲಿ ಹೊರಬಂದೆ. ಅವರು ಹೇಳಿದ್ದು ನನ್ನ ಕಷ್ಟಕ್ಕೆ ಪರಿಹಾರ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಬಟ್ಟೆಯ ಚೀಲಕ್ಕೆ ತೂಕವೇ ಇಲ್ಲವೆನ್ನಬಹುದು, ಮಡಚಿದರೆ ಅಂಗೈಯಲ್ಲಿ ಹಿಡಿಯುತ್ತದೆ. ಭರಣಿ ಮನೆಯಲ್ಲೇ ಇರಲಿ. ಅಳೆಯುವವನ ಕೈಗೆ, ಹಿಂದೆ ನಿಂತವರ ಹೊತ್ತಿಗೆ ಭಾರವಾಗುವ ಪದ್ಧತಿ ಎಷ್ಟೇ ಒಳ್ಳೆಯದಾದರೂ ಬಾಳುವುದಿಲ್ಲ.

ಬೀದರಿನ ಗಾಂಧಿ ಗಂಜಿನಲ್ಲಿ ಚೀಲದ ಬಾಯಿ ಬಿಚ್ಚಿ ಬೇಳೆ, ಕಾಳು, ಬೆಲ್ಲ, ಮೆಣಸಿನಕಾಯಿ ತೂಗಿ ಕೊಡುವ ವ್ಯಾಪಾರ ಎಂದೂ ನಿಂತಿರಲಿಲ್ಲ. ನಾನು ಅತ್ತ ಹೋಗುವುದನ್ನು ಬಿಟ್ಟಿದ್ದೆ, ಅಷ್ಟೇ. ಖುಲ್ಲಾ ಸಾಮಾನಿಗೆ ತೆರಿಗೆಯ ಲಾಭವೂ ಉಂಟು. 2022ರ ಜುಲೈ 18ರಿಂದ, 25 ಕಿಲೋವರೆಗೆ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5ರಷ್ಟು ಜಿಎಸ್‌ಟಿ ಬಿತ್ತು, ಖುಲ್ಲಾ ಮಾರುವುದಕ್ಕೆ ಇಲ್ಲ. ಆದರೆ ಆ ಬೇಳೆಯನ್ನೂ ತೆಳು ಪನ್ನಿಯಲ್ಲಿ ಕಟ್ಟಿಕೊಡುತ್ತಾರೆ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ. ನಾವು ಬರಿಗೈಯಲ್ಲಿ ಹೋದರೆ ಅಂಗಡಿಯವನಾದರೂ ಏನು ಮಾಡಬೇಕು?

ಹುಳದ ವಿಷಯದಲ್ಲಿ ನನಗೆ ಗುರುವಾದದ್ದು ಔರಾದಿನಲ್ಲಿರುವ ಅವ್ವ. ಸುಗ್ಗಿ ಮುಗಿದ ಮೇಲೆ ಅವಳು ವರ್ಷದ ಜೋಳ, ತೊಗರಿ ತುಂಬುತ್ತಾಳೆ. ಬಿಸಿಲಲ್ಲಿ ಕಾಳು ಹಲ್ಲಿಗೆ ಕಟಕ್ ಎನ್ನುವವರೆಗೆ ಒಣಗಿಸಿ, ಆರಿದ ಮೇಲೆ ಡಬ್ಬಿಗೆ ಹಾಕಿ, ನಡುನಡುವೆ ಒಣಗಿದ ಬೇವಿನೆಲೆ ಇಡುತ್ತಾಳೆ. ಒಡೆಸಿದ ಬೇಳೆಗೆ ಔಡಲೆಣ್ಣೆ ಸವರುತ್ತಾಳೆ. ಹಿಟ್ಟು ಮಾತ್ರ ಕೂಡಿಡುವುದಿಲ್ಲ, ಬೇಕಾದಾಗ ಗಿರಣಿಗೆ ಡಬ್ಬಿ ಹೋಗುತ್ತದೆ, ಅದೇ ಡಬ್ಬಿಯಲ್ಲಿ ಬಿಸಿ ಹಿಟ್ಟು ಬರುತ್ತದೆ. ಇದನ್ನೆಲ್ಲ ನೋಡುತ್ತಲೇ ಬೆಳೆದ ನಾನು ಹೈದರಾಬಾದಿನ ಅಂಗಡಿಗೆ ಹೊರಟಿದ್ದೆ. ಅವಳನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬುದು ನನ್ನ ನಿಜವಾದ ಸೋಲು. ಹೊಸದನ್ನು ಓದಿ ತಿಳಿದವಳೆಂಬ ಹಮ್ಮು ಅದರ ಹಿಂದಿತ್ತು.

ಈಗ ಕಾಳು, ಬೇಳೆ, ಹಿಟ್ಟು, ಸಕ್ಕರೆಗೆ ಪಾಕೀಟು ಬರುವುದಿಲ್ಲ. ಬೇಳೆ ಕೂಡ ಮಳೆಗಾಲದಲ್ಲಿ ತಿಂಗಳಿಗೆ ಬೇಕಾದಷ್ಟೇ. ಹಾಲಿನ ಪಾಕೀಟನ್ನು ಮೂಲೆಯ ತುಂಡು ಬೇರೆಯಾಗದಂತೆ ಕತ್ತರಿಸಿ, ತೊಳೆದು, ಒಣಗಿಸಿ ಗುಜರಿಗೆ ಕೊಡುತ್ತೇವೆ. ಶಾಂಪೂ ಸ್ಯಾಶೆ, ಬಿಸ್ಕತ್ತು, ಚಿಪ್ಸಿನ ಪಾಕೀಟು ಹಾಗೆಯೇ ಉಳಿದಿವೆ. ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ ಅಂಟಿಸಿದ ಆ ಪದರಗಳನ್ನು ಬಿಡಿಸುವುದು ಕಷ್ಟ, ಆದ್ದರಿಂದ ಗುಜರಿಯವನು ಮುಟ್ಟುವುದಿಲ್ಲ. ದಿನಗೂಲಿಯವರು ಒಂದೆರಡು ರೂಪಾಯಿಗೆ ಕೊಳ್ಳುವ ಸ್ಯಾಶೆಯನ್ನು ನಾನು ಹೀಗಳೆಯಲಾರೆ. ಅಷ್ಟೇ ಬೆಲೆಗೆ, ಅಷ್ಟೇ ಅಳತೆಯಲ್ಲಿ, ಸಣ್ಣ ಸೀಸೆಗೆ ತುಂಬಿಕೊಡುವ ಏರ್ಪಾಡನ್ನು ಶಾಂಪೂ ಮಾಡುವವರೇ ಊರೂರಿನ ಕಿರಾಣಿ ಅಂಗಡಿಗಳಲ್ಲಿ ಮಾಡಿಕೊಡಬೇಕು.