ಕತ್ತಾಳೆಯ ಕಂದು

ಮಲ್ಲಿಗೆಗೆ ಹೊಗಳುವ ಕವಿಗಳುಂಟು. ಗುಲಾಬಿಗೆ ನೀರೆರೆಯುವ ಗೃಹಿಣಿಯರುಂಟು. ಕತ್ತಾಳೆಗೆ ಈ ಎರಡು ಭಾಗ್ಯವೂ ಇಲ್ಲ. ಹಳ್ಳಿಯಲ್ಲಿ ಅದರ ಸ್ಥಾನ ಹೊಲದ ಬದು; ಪಟ್ಟಣದಲ್ಲಿ, ಯಾರಾದರೂ ದಯೆ ತೋರಿದರೆ, ಕಾಂಪೌಂಡಿನ ಮೂಲೆ. ಇದಕ್ಕೆ ಭೂತಾಳೆ ಎಂಬ ಹೆಸರೂ ಇದೆ. ಹೆಸರಿನಲ್ಲಿಯೇ ಭೂತವನ್ನು ಹೊತ್ತು ಬಂದುದನ್ನು ಮುದ್ದಿಸುವವರಾರು? ಆದರೆ 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ‘ಅಗಾವೆ’ ಎಂದು ನಾಮಕರಣ ಮಾಡಿದ. ಘನವಾದುದು, ಶ್ರೇಷ್ಠವಾದುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರದು.

ಕತ್ತಾಳೆ ನಮ್ಮ ನೆಲದ ಗಿಡವಲ್ಲ; ಅದರ ತವರು ಮೆಕ್ಸಿಕೋ. ಅಲ್ಲಿಯ ಜನ ಪ್ರಾಚೀನ ಕಾಲದಿಂದಲೂ ಅದರ ನಾರಿನಿಂದ ಹಗ್ಗ ಹೊಸೆದರು, ಬಟ್ಟೆ ನೇಯ್ದರು. ತುದಿಮುಳ್ಳನ್ನು ಸೂಜಿ ಮಾಡಿಕೊಂಡರು. ಹೂವಿಗೆ ಸಿದ್ಧವಾದ ಗಿಡದ ಒಡಲನ್ನು ತೋಡಿ, ಒಸರಿದ ರಸವನ್ನು ಹುಳಿಯಿಸಿ ‘ಪುಲ್ಕೆ’ ಎಂಬ ಪಾನೀಯ ಮಾಡಿದರು. ಕಡಲು ದಾಟಿ ಬಂದ ಗಿಡ ನಮ್ಮ ಬಯಲುಸೀಮೆಗೆ ಹೊಂದಿಕೊಂಡುಬಿಟ್ಟಿತು. ದನ ನುಗ್ಗದಂತೆ ಬೇಲಿಯಾಯಿತು. ಅದರ ಎಲೆಯನ್ನು ಕೊಯ್ದು, ಕೆರೆಯ ನೀರಿನಲ್ಲಿ ಕೊಳೆಯಿಸಿ, ಬಡಿದು, ತೊಳೆದು ನಾರು ತೆಗೆದರೆ ದನಕ್ಕೆ ಕಣ್ಣಿ, ಬಾವಿಗೆ ಹಗ್ಗ. ನೈಲಾನ್ ಬಂದ ಮೇಲೆ ಆ ಕಸುಬು ಬಹುಮಟ್ಟಿಗೆ ಹಿಂದೆ ಸರಿಯಿತು.

ನನಗೆ ಈ ಗಿಡದ ನಂಟು ಬೆಳೆದುದು ನಮ್ಮ ಬೀದಿಯ ತಿರುವಿನ ಮನೆಯ ರಾಯರಿಂದ. ಎಪ್ಪತ್ತೆಂಟರ ವಯಸ್ಸಿನ ವಿಧುರರು, ಮಿತಭಾಷಿಗಳು. ಅವರ ಅಂಗಳದ ಕತ್ತಾಳೆಯನ್ನು ಮನೆ ಕಟ್ಟಿದ ವರ್ಷ ನೆಟ್ಟವರು ಅವರ ಪತ್ನಿ. ಒಂದು ಫಾಲ್ಗುಣದಲ್ಲಿ ಆ ಗಿಡದ ನಡುವಿನಿಂದ ದೈತ್ಯಾಕಾರದ ಶತಾವರಿಯ ಮೊಳಕೆಯಂತಹ ಕಂಬವೊಂದು ಹೊರಟಿತು. ನೋಡನೋಡುತ್ತಿದ್ದಂತೆ ಅದು ಮನೆಯ ಮಾಡನ್ನು ಮೀರಿತು. ಬೀದಿಯ ಮಕ್ಕಳಿಗೆ ಹಬ್ಬ. ರಾಯರು ಮಾತ್ರ ಒಂದು ಸಂಜೆ ನನ್ನನ್ನು ಗೇಟಿನ ಬಳಿ ನಿಲ್ಲಿಸಿ ಕೇಳಿದರು:

“ಮೇಷ್ಟ್ರೇ, ಹೂ ಬಿಟ್ಟ ಮೇಲೆ ಇದು ಸಾಯುತ್ತದಂತೆ. ಈ ಕಂಬವನ್ನು ಈಗಲೇ ಕಡಿದರೆ ಗಿಡ ಉಳಿದೀತೆ?”

ಕನ್ನಡ ಪಾಠ ಹೇಳುವ ನನಗೆ ಉತ್ತರ ತಿಳಿದಿರಲಿಲ್ಲ. ಕಾಲೇಜಿನ ಸಸ್ಯಶಾಸ್ತ್ರದ ಮಿತ್ರರನ್ನು ಕೇಳಿದೆ. ಉಳಿಯಲಾರದು ಎಂದರು. ಇಂಗ್ಲಿಷರು ಇದನ್ನು ‘ಸೆಂಚುರಿ ಪ್ಲಾಂಟ್’ ಎಂದು ಕರೆದರೂ ಇದು ನೂರು ವರ್ಷ ಕಾಯುವುದಿಲ್ಲ. ಸಾಮಾನ್ಯವಾಗಿ 10ರಿಂದ 30 ವರ್ಷ. ಅಷ್ಟು ಕಾಲ ಎಲೆಗಳಲ್ಲಿ ಕೂಡಿಟ್ಟ ನೀರು ಸಕ್ಕರೆಗಳನ್ನೆಲ್ಲ ಒಂದೇ ಸಲ ಹೂಗಂಬಕ್ಕೆ ಸುರಿಯುತ್ತದೆ. ಕಂಬ ಕಡಿದರೂ ಆ ಗಿಡ ಮರಳಿ ಚಿಗುರುವುದು ದುರ್ಲಭ.

ಈ ಮಾತನ್ನು ರಾಯರಿಗೆ ತಲುಪಿಸುವುದು ನನಗೆ ಸುಲಭವಾಗಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅರಳಲಿ ಬಿಡಿ, ಅವಳು ನೋಡಬೇಕೆಂದಿದ್ದುದು ಅದನ್ನೇ” ಎಂದರು. ಗಿಡ ಅರಳಿತು. ಇಪ್ಪತ್ತು ಅಡಿಯ ಎತ್ತರದಲ್ಲಿ ಹಳದಿ ಹೂಗಳ ತಟ್ಟೆಗಳು. ಅವುಗಳ ಸುತ್ತ ಜೇನ್ನೊಣ, ಸೂರಕ್ಕಿ. ಆಮೇಲೆ ಎಲೆಗಳು ಒಂದೊಂದಾಗಿ ಮುದುಡಿ ಬಿದ್ದುವು. ಆದರೆ ಬುಡದ ಸುತ್ತ ಒಂಬತ್ತು ಕಂದುಗಳಿದ್ದುವು. ರಾಯರು ಎಂಟನ್ನು ಬೀದಿಯವರಿಗೆ ಹಂಚಿ, ಒಂದನ್ನು ತಾವೇ ನೆಟ್ಟುಕೊಂಡರು. ಈ ವಯಸ್ಸಿನಲ್ಲಿ ಇಪ್ಪತ್ತು ವರ್ಷದ ಗಿಡವೇ ಎಂದು ಯಾರೋ ನಕ್ಕರಂತೆ. “ಹೂವಿಗಾಗಿ ನೆಟ್ಟಿದ್ದೇನೆಂದು ಯಾರು ಹೇಳಿದರು? ನನಗೆ ದಿನವೂ ಎದ್ದು ನೋಡಲು ಒಂದು ಬೇಕು” ಎಂದರಂತೆ ಅವರು.

ಒಂದು ಕಂದು ನಮ್ಮ ಮನೆಗೂ ಬಂತು. ನಮ್ಮಾಕೆ ಮೊದಲು ನೋಡಿದುದು ಮುಳ್ಳನ್ನು, ಅನಂತರ ನಮ್ಮ ಆರು ವರ್ಷದ ಮಗಳನ್ನು, ಕೊನೆಗೆ ನನ್ನನ್ನು. ಎಲೆಗಳ ತುದಿಮುಳ್ಳನ್ನು ಕತ್ತರಿಸಿದ ಮೇಲೆಯೇ ಅದಕ್ಕೆ ಒಳಗೆ ಪ್ರವೇಶ ದೊರೆಯಿತು. ಹಾಗೆ ಕತ್ತರಿಸುವುದರಿಂದ ಗಿಡಕ್ಕೆ ಕೇಡಿಲ್ಲ. ಬುಡದ ಗಾಯ ಒಣಗಲೆಂದು ಕೆಲವು ದಿನ ನೆರಳಿನಲ್ಲಿಟ್ಟು, ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ಕೆಮ್ಮಣ್ಣು ಮರಳು ಬೆರೆಸಿ ನೆಟ್ಟೆವು. ಬಿಸಿಲು ಧಾರಾಳವಾಗಿ ಬೇಕು. ನೀರು ಮಾತ್ರ ಮಣ್ಣು ಪೂರ್ತಿ ಒಣಗಿದ ಮೇಲೆ. ಇರುಳಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಹಗಲು ಮುಚ್ಚಿಕೊಳ್ಳುವ ಈ ಮಿತವ್ಯಯಿಯನ್ನು ಕೊಲ್ಲುವುದು ಬರವಲ್ಲ, ನಮ್ಮ ಅತಿಯಾದ ಉಪಚಾರ.

ಇನ್ನೊಂದು ಎಚ್ಚರ ಅವಶ್ಯ. ಲೋಳೆಸರವೆಂದು ಭ್ರಮಿಸಿ ಇದರ ರಸವನ್ನು ಮುಖಕ್ಕೆ ಹಚ್ಚಬಾರದು. ಲೋಳೆಸರದ ಎಲೆ ಮುರಿದರೆ ಒಳಗೆ ಲೋಳೆ. ಕತ್ತಾಳೆಯದು ಸುಲಭವಾಗಿ ಮುರಿಯದು, ಒಳಗೆಲ್ಲ ನಾರು. ಅದರ ರಸ ತಗುಲಿದರೆ ಉರಿ, ತುರಿಕೆ, ಗುಳ್ಳೆ.

ಹೊಸ ಎಲೆ ಬಿಚ್ಚಿಕೊಂಡಾಗಲೆಲ್ಲ ನನ್ನ ಮಗಳು ಓಡಿ ಬರುತ್ತಾಳೆ. ಸುರುಳಿಯೊಳಗೆ ಒತ್ತೊತ್ತಾಗಿದ್ದ ಕಾಲದಲ್ಲಿ ಪಕ್ಕದ ಎಲೆಯ ಮುಳ್ಳುಗಳು ಒತ್ತಿದ ಅಚ್ಚು, ಎಳೆಯ ಎಲೆಯ ಮೈಮೇಲೆ ರಂಗೋಲಿಯ ಗೆರೆಯಂತೆ ಉಳಿದಿರುತ್ತದೆ. ಅವಳು ಅದನ್ನು ಬೆರಳಿನಿಂದ ಸವರಿ, “ರಾಯರ ತಾತನ ಗಿಡದಲ್ಲೂ ಹೀಗೇ ಇದೆ” ಎನ್ನುತ್ತಾಳೆ. ಈಗೀಗ ಎಲೆಗಳ ಲೆಕ್ಕವನ್ನು ವಾರಕ್ಕೊಮ್ಮೆ ಅವರಿಗೆ ಒಪ್ಪಿಸಿ ಬರುವುದೂ ಅವಳ ಕೆಲಸವಾಗಿದೆ.