ಪರರ ಕೈಗೊಪ್ಪಿಸುವ ಮುನ್ನ

ಶೀತಪ್ರದೇಶಗಳ ಜನಜೀವನದಲ್ಲಿ ಹೊದಿಕೆಯ ಸ್ಥಾನ ಮಹತ್ತರವಾದುದು. ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಕೂಡಿಸಿ ಮೇಲ್ಪದರನ್ನು ಹೊಲಿದು, ಅದರಡಿಯಲ್ಲಿ ಹತ್ತಿಯ ಪದರನ್ನೂ ಅದರ ಕೆಳಗೆ ಅಸ್ತರನ್ನೂ ಇಟ್ಟು, ಮೂರನ್ನೂ ಹೊಲಿಗೆಯಿಂದ ಬಂಧಿಸಿದ ಹೊದಿಕೆಗೆ ಅಮೆರಿಕದಲ್ಲಿ ‘ಕ್ವಿಲ್ಟ್’ ಎನ್ನುತ್ತಾರೆ. ಉತ್ತರ ಕರ್ನಾಟಕದ ಕೌದಿಯನ್ನು ಹೊದ್ದು ಬೆಳೆದವರಿಗೆ ಇದು ಅಪರಿಚಿತವೆನಿಸಲಾರದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಸಾಗುವ ಕವಂದಿಗಳಂತೂ 2011ರಲ್ಲಿ ಅಮೆರಿಕದಲ್ಲಿಯೇ ಪ್ರದರ್ಶಿತವಾದವು.

ಕೌದಿಯಲ್ಲಿ ಹಾಸುವ ಕೈಯೇ ಹೊಲಿಯುವ ಕೈ. ನಡುವೆ ಒಂದು ಸುಕ್ಕು ಕಂಡರೆ ಆ ಗೃಹಿಣಿ ಅಲ್ಲಿಯೇ ಅದನ್ನು ಸವರಿ ಸರಿಪಡಿಸುತ್ತಾಳೆ. ಅಮೆರಿಕದ ಹಳ್ಳಿಗಳಲ್ಲಿಯೂ ಹಿಂದೆ ನೆರೆಹೊರೆಯ ಸ್ತ್ರೀಯರು ಮರದ ಚೌಕಟ್ಟಿನ ಸುತ್ತ ಕುಳಿತು, ಒಡತಿಯ ಕಣ್ಣೆದುರಿನಲ್ಲಿಯೇ ಆಕೆಯ ಹೊದಿಕೆಯನ್ನು ಹೊಲಿಯುತ್ತಿದ್ದರು. 1989ರಲ್ಲಿ ಕೆಂಟಕಿ ರಾಜ್ಯದ ಪಡೂಕಾ ನಗರದ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ ಯಂತ್ರದ ಹೊಲಿಗೆಯ ಹೊದಿಕೆಯು ಸರ್ವಶ್ರೇಷ್ಠವೆಂಬ ಪ್ರಶಸ್ತಿ ಪಡೆದ ಮೇಲೆ, ಕೈಹೊಲಿಗೆಗೆ ಮಾತ್ರ ಮೀಸಲಾಗಿದ್ದ ಗೌರವ ಯಂತ್ರಕ್ಕೂ ಸಲ್ಲತೊಡಗಿತು. ಇಂದು ಅನೇಕರು ಮೇಲ್ಪದರನ್ನು ತಾವೇ ಸಿದ್ಧಗೊಳಿಸಿ, ಉಳಿದ ಕೆಲಸವನ್ನು ‘ಲಾಂಗ್ ಆರ್ಮ್’ ಯಂತ್ರವುಳ್ಳ ವೃತ್ತಿನಿರತರಿಗೆ ಒಪ್ಪಿಸುತ್ತಾರೆ. ಮನೆಯ ಹೊಲಿಗೆ ಯಂತ್ರ ನಿಂತಲ್ಲೇ ನಿಂತು ಬಟ್ಟೆ ಚಲಿಸುತ್ತದೆ. ಇಲ್ಲಿಯಾದರೋ 10-12 ಅಡಿ ಅಗಲದ ಚೌಕಟ್ಟಿನ ಉರುಳೆಗಳ ನಡುವೆ ಬಟ್ಟೆ ಬಿಗಿದುಕೊಂಡು ನಿಲ್ಲುತ್ತದೆ. ನೀಳ ತೋಳಿನ ಯಂತ್ರವೇ ಹಳಿಗಳ ಮೇಲೆ ಓಡಾಡುತ್ತದೆ.

ಹೀಗೆ ಹೊಲಿಗೆ ಬೀಳುವ ಸಮಯದಲ್ಲಿ ಹೊದಿಕೆಯ ಒಡತಿ ಅಲ್ಲಿರುವುದಿಲ್ಲ. ಆಕೆ ಹೇಳಬೇಕಾದುದನ್ನೆಲ್ಲ ಆಕೆಯ ಪೂರ್ವಸಿದ್ಧತೆಯೇ ಹೇಳಬೇಕು.

ಮೇಲ್ಪದರಿನ ಹೊಲಿಗೆಗಳನ್ನೆಲ್ಲ ಇಸ್ತ್ರಿ ಮಾಡಿ ಚಪ್ಪಟೆಯಾಗಿಸಬೇಕು. ಹಿಂಬದಿಯಲ್ಲಿ ನೇತಾಡುವ ದಾರದ ತುದಿಗಳನ್ನು ಕತ್ತರಿಸಬೇಕು. ಬಿಳಿಯ ಬಟ್ಟೆಯ ಕೆಳಗೆ ಉಳಿದ ಒಂದು ಕಪ್ಪು ಎಳೆ ಮುಂದೆ ಹೊದಿಕೆಯ ಆಯುಷ್ಯವಿಡೀ ಇಣುಕುತ್ತಿರುತ್ತದೆ. ಸುತ್ತಲಿನ ಅಂಚುಪಟ್ಟಿಯನ್ನು ಅಳೆಯದೆ ಹೊಲಿದು, ಕೊನೆಯಲ್ಲಿ ಹೆಚ್ಚಾದುದನ್ನು ಕತ್ತರಿಸುವ ಅಭ್ಯಾಸ ಕೆಲವರಿಗುಂಟು. ಹಾಗೆ ಮಾಡಿದರೆ ಅಂಚು ಅಲೆಯಲೆಯಾಗುತ್ತದೆ, ಯಂತ್ರದಡಿಯಲ್ಲಿ ಆ ಅಲೆಗಳು ನೆರಿಗೆಗಳಾಗುತ್ತವೆ. ಹೊದಿಕೆಯ ನಡುಭಾಗವನ್ನು ಅಳೆದು, ಆ ಅಳತೆಗೆ ಪಟ್ಟಿಯನ್ನು ಕತ್ತರಿಸುವುದೇ ಸರಿಯಾದ ಕ್ರಮ. ಗುಂಡಿ, ಮಣಿ ಮೊದಲಾದ ಅಲಂಕಾರಗಳನ್ನು ಹೊಲಿಗೆ ಮುಗಿದ ಮೇಲೆಯೇ ಸೇರಿಸಬೇಕು.

ಅಸ್ತರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅವಶ್ಯಕ. ಅದು ನಾಲ್ಕೂ ಕಡೆ ಸುಮಾರು 4 ಅಂಗುಲ ಹೆಚ್ಚಿಗೆ ಇರಬೇಕೆಂಬುದು ರೂಢಿ. ಮೇಲ್ಪದರು 90 ಅಂಗುಲ ಅಗಲ, 100 ಅಂಗುಲ ಉದ್ದವಿದ್ದರೆ ಅಸ್ತರು 98 ಮತ್ತು 108 ಅಂಗುಲವಿರಬೇಕಾಗುತ್ತದೆ. ಉರುಳೆಗಳಿಗೆ ಕಟ್ಟಲು, ಬದಿಗಳಿಗೆ ಹಿಡಿಕೆ ಸಿಕ್ಕಿಸಲು ಆ ಸ್ಥಳ ಬೇಕು. ಹೊಲಿಗೆ ಬಿದ್ದಂತೆ ಬಟ್ಟೆ ಕುಗ್ಗುವುದೂ ಉಂಟು. ಮೂಲೆಗಳು ನೇರವಾಗಿರದಿದ್ದರೆ ಉರುಳೆಯ ಮೇಲೆ ಬಟ್ಟೆ ಓರೆಯಾಗಿ ಸುತ್ತಿಕೊಳ್ಳುತ್ತದೆ. ಎರಡು ಅಗಲಗಳನ್ನು ಕೂಡಿಸುವಾಗ ನೇಯ್ಗೆಯ ಗಟ್ಟಿ ಅಂಚನ್ನು ಕತ್ತರಿಸಿ ತೆಗೆಯಬೇಕು. ಇಲ್ಲವಾದರೆ ಆ ಅಂಚು ಬಟ್ಟೆಯನ್ನು ಜಗ್ಗುತ್ತದೆ. ಮೂರು ಪದರುಗಳನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿ ಕೊಡುವುದೂ ಉಚಿತವಲ್ಲ. ಯಂತ್ರವು ಅವುಗಳನ್ನು ಬೇರೆ ಬೇರೆಯಾಗಿಯೇ ಬಿಗಿಯುವುದರಿಂದ, ಅಕ್ಕರೆಯಿಂದ ಹಾಕಿದ ಆ ಹೊಲಿಗೆಯನ್ನು ಮೊದಲು ಬಿಚ್ಚಬೇಕಾಗುತ್ತದೆ.

ಇವೆಲ್ಲ ಕ್ಷುಲ್ಲಕ ಸಂಗತಿಗಳೆಂದು ಯಾರಿಗಾದರೂ ತೋರಬಹುದು. ಆದರೆ ತಾಯಿ ತೀರಿಕೊಂಡ ಬಳಿಕ ಆಕೆಯ ಪೆಟ್ಟಿಗೆಯಲ್ಲಿ ಮೇಲ್ಪದರು ಮಾತ್ರ ಮುಗಿದ ಹೊದಿಕೆಯೊಂದು ಮಕ್ಕಳ ಕೈಗೆ ಸಿಗುವುದು ಆ ದೇಶದಲ್ಲಿ ಅಪರೂಪವಲ್ಲ. ಅದರ ಒಂದು ತುಂಡು ಮಗಳು ಎಳವೆಯಲ್ಲಿ ತೊಟ್ಟ ಲಂಗದ್ದಿರಬಹುದು, ಇನ್ನೊಂದು ತಂದೆಯ ಅಂಗಿಯದಿರಬಹುದು. ಅಂತಹುದನ್ನು ಮತ್ತೊಮ್ಮೆ ಮಾಡಲು ಸಾಧ್ಯವಿಲ್ಲ. ಒಮ್ಮೆ ಸಾವಿರಾರು ಹೊಲಿಗೆಗಳು ಬಿದ್ದವೆಂದರೆ ಬಿಚ್ಚುವುದು ಕಷ್ಟ; ಬಿಚ್ಚಿದರೂ ಜೀರ್ಣವಾದ ಬಟ್ಟೆ ಸಹಿಸಲಾರದು. ಧೂಳು ಹೋಗಲೆಂದು ಮಗಳು ಅದನ್ನು ನೀರಿಗೆ ಹಾಕಿದರೆ ಬಂಧನವಿಲ್ಲದ ಅಂಚುಗಳು ಎಳೆಯೆಳೆಯಾಗಿ ಬಿಡುತ್ತವೆ. ಆಕೆ ಮಾಡಬಹುದಾದುದಿಷ್ಟೆ: ಸಡಿಲವಾದ ಹೊಲಿಗೆಯನ್ನು ಹುಡುಕಿ ಬಿಗಿಗೊಳಿಸುವುದು, ಸುತ್ತಲೂ ಅಂಚಿಗೆ ಸಮೀಪದಲ್ಲಿ ಒಂದು ಸಾಲು ಹೊಲಿಗೆ ಹಾಕುವುದು, ಮೇಲ್ಭಾಗ ಯಾವುದೆಂದು ಚೀಟಿಯಲ್ಲಿ ಗುರುತಿಸುವುದು, ಎಲ್ಲಿ ಬಟ್ಟೆ ಸವೆದಿದೆ, ಎಲ್ಲಿ ತಾಯಿಯ ಅಳತೆ ತಪ್ಪಿದೆ ಎಂಬುದನ್ನು ಮುಚ್ಚಿಡದೆ ತಿಳಿಸುವುದು.

ಈ ಕೊನೆಯ ಕಾರ್ಯವೇ ಕಠಿಣ. ತಾಯಿಯ ಕೈಯ ಲೋಪವನ್ನು ಅಪರಿಚಿತರ ಮುಂದೆ ಹೇಳಲು ಮಗಳ ಮನಸ್ಸು ಹಿಂಜರಿಯುವುದು ಸಹಜ. ಆದರೆ ಹೇಳದೆ ಉಳಿದ ಲೋಪವನ್ನು ಯಂತ್ರದ ಸೂಜಿ ಹೊರಗೆಡಹದೆ ಬಿಡದು. ಮೊದಲೇ ತಿಳಿದರೆ ನುರಿತ ಹೊಲಿಗೆಗಾರ್ತಿ ತುಂಬಿಕೊಂಡ ಭಾಗಕ್ಕೆ ದಪ್ಪನೆಯ ಹತ್ತಿಯನ್ನು ಸೂಚಿಸುತ್ತಾಳೆ, ಸವೆದ ಭಾಗದಲ್ಲಿ ವಿರಳವಾದ ಹೊಲಿಗೆಯನ್ನು ಆರಿಸುತ್ತಾಳೆ.

ಒಬ್ಬರು ಆರಂಭಿಸಿದುದನ್ನು ಇನ್ನೊಬ್ಬರು ಪೂರ್ಣಗೊಳಿಸುವುದು ಲೋಕದ ರೀತಿ. ಹೊದಿಕೆಯ ಮೇಲ್ಮುಖದ ಸೊಬಗನ್ನು ನೋಡಿದವರೆಲ್ಲರೂ ಮೆಚ್ಚುತ್ತಾರೆ. ಹಿಂಬದಿಯ ದಾರವನ್ನು ಕತ್ತರಿಸಿ, ಅಸ್ತರಿನ ಮೂಲೆಯನ್ನು ನೇರಗೊಳಿಸಿದ ಕೈಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಆದರೆ ಚಳಿಗಾಲದ ರಾತ್ರಿಗಳಲ್ಲಿ ಮೂರು ಪದರುಗಳು ಸುಕ್ಕಿಲ್ಲದೆ ಒಂದಾಗಿ ಮೈಯನ್ನು ಬೆಚ್ಚಗಿಡುವುದು ಆ ಕೈಯ ಶ್ರಮದಿಂದಲೇ.